ಗೋಡೆ ಬಿರಿಯಲಿಲ್ಲ

ಹೆಬ್ಬಾಳದ ಕೆರೆಯ ಆಚೆ ದಡದಲ್ಲಿ, ಕೆಂಪಾಪುರದ ಹೊಲಗಳು ಶುರುವಾಗುವ ಕಡೆ, ಕೆಂಪು ಇಟ್ಟಿಗೆಯ ಒಂದು ಪಂಪ್ ಹೌಸ್ ಇತ್ತು. ಬ್ರಿಟಿಷರ ಕಾಲದಲ್ಲಿ ಬೆಂಗಳೂರು ಕಂಟೋನ್ಮೆಂಟಿನ ದಂಡಿನ ಕುದುರೆ ಲಾಯಗಳಿಗೆ ನೀರು ಏರಿಸಲು ಕಟ್ಟಿದ್ದು. ಒಳಗೆ ಉಗಿಯಿಂದ ನಡೆಯುವ ದೊಡ್ಡ ಇಂಜಿನ್, ಅದರ ಹಿಂದೆ ಬಾಯ್ಲರು, ಬಾಯ್ಲರಿಗೊಂದು ಎತ್ತರದ ಚಿಮಣಿ. ಯಲಹಂಕದ ಕಡೆಯಿಂದ ಬರುವವರಿಗೆ ಊರು ಕಾಣುವ ಮೊದಲು ಆ ಚಿಮಣಿ ಕಾಣುತ್ತಿತ್ತು.

ಇಂಜಿನ್ ನಡೆಸುತ್ತಿದ್ದವನು ಪಿಳ್ಳಪ್ಪ. ಮೀಸೆ ಮೂಡುವ ವಯಸ್ಸಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿ, ಕೊನೆಗೆ ಡ್ರೈವರ್ ಆದವನು. ಊರಿನಲ್ಲಿ ಪಿಳ್ಳಪ್ಪ ಅನ್ನುವ ಹೆಸರಿನವರು ಇನ್ನೂ ಇಬ್ಬರು ಇದ್ದುದರಿಂದ ಇವನಿಗೆ ‘ಇಂಜಿನ್ ಪಿಳ್ಳಪ್ಪ’ ಎಂದೇ ಹೆಸರು. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು ಜಮೀರ್. ಇಬ್ಬರೂ ಒಂದೇ ಸೂರಿನಡಿ ಅಷ್ಟು ವರ್ಷ ಬೆವರು ಸುರಿಸಿದವರು. ಜಮೀರನ ಮಗಳು ಅಮೀನಾ ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದಾಗ, ಅದರಲ್ಲಿ ಒಂದು ಪಾಲು ‘ಪಿಳ್ಳಪ್ಪ ಮಾಮ’ನಿಗೂ ಇರುತ್ತಿತ್ತು.

ಕರೆಂಟು ಬಂದ ಮೇಲೆ ಇಂಜಿನ್ ನಿಂತಿತು. ಕೆರೆಯಂಚಿನಲ್ಲಿ ಒಂದು ತಗಡಿನ ಗೂಡು ಕಟ್ಟಿ ಮೋಟಾರು ಕೂರಿಸಿದರು. ಅಷ್ಟು ದೊಡ್ಡ ಇಂಜಿನ್ ಮಾಡುತ್ತಿದ್ದ ಕೆಲಸವನ್ನು ಆ ಪುಟ್ಟ ಮೋಟಾರು ಗುಂಯ್ ಎನ್ನುತ್ತಾ ಮಾಡಿ ಮುಗಿಸುತ್ತಿತ್ತು. ಜಮೀರ್ ಬೇರೆ ಕೂಲಿಗೆ ಹೋದ. ಪಿಳ್ಳಪ್ಪ ರಿಟೈರ್ ಆದ ಮೇಲೂ ಬೀಗದ ಕೈ ಅವನ ಹತ್ತಿರವೇ ಉಳಿಯಿತು. ಯಾರೂ ಕೇಳಲಿಲ್ಲ, ಅವನೂ ಕೊಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಹಿತ್ತಾಳೆಯ ಭಾಗಗಳನ್ನು ಒರೆಸಿ, ಎಣ್ಣೆ ಬಿಟ್ಟು, ದೊಡ್ಡ ಚಕ್ರವನ್ನು ತುಕ್ಕು ಹಿಡಿಯದಂತೆ ಕೈಯಿಂದಲೇ ಒಂಚೂರು ತಿರುಗಿಸಿ ಬರುತ್ತಿದ್ದ.

“ಮನೆ ದೇವ್ರಿಗಾದ್ರೂ ಇಷ್ಟು ಎಣ್ಣೆ ಬಿಟ್ಟಿದ್ದೀಯಾ ನೀನು?” ಎಂದು ಹೆಂಡತಿ ದೊಡ್ಡಮುನಿಯಮ್ಮ ಕೇಳುತ್ತಿದ್ದಳು. ಅವನು ನಗುತ್ತಿದ್ದ.

ಐವತ್ತೇಳನೆಯ ಇಸವಿಯಲ್ಲಿ ಪಂಚಾಯ್ತಿಯವರು ಊರಿಗೊಂದು ಹೆರಿಗೆ ಆಸ್ಪತ್ರೆ ಆಗಬೇಕೆಂದು ಅರ್ಜಿ ಹಾಕಿದ್ದರು. ಸರ್ಕಾರ ಒಪ್ಪಿತು. ಒಬ್ಬ ನರ್ಸನ್ನೂ ಔಷಧಿಗಳನ್ನೂ ಕೊಡುವುದಾಗಿ, ಜಾಗ ಮಾತ್ರ ಊರಿನವರೇ ತೋರಿಸಬೇಕೆಂದು ಹೇಳಿತು. ಊರಿನಲ್ಲಿ ಸರ್ಕಾರದ್ದು ಎನ್ನಬಹುದಾದ ಜಾಗ ಪಂಪ್ ಹೌಸ್ ಒಂದೇ. ಚೇರ್ಮನ್ ಚಿಕ್ಕಬೈರಪ್ಪ ಅರಳಿಕಟ್ಟೆಯ ಬಳಿ ಜನ ಸೇರಿಸಿ, “ಅದನ್ನ ಕೆಡವಿ, ಅದೇ ಇಟ್ಟಿಗೇಲಿ ಆಸ್ಪತ್ರೆ ಕಟ್ಟೋಣ. ಕಬ್ಬಿಣನ ಗುಜರಿಗೆ ಆಕಿದ್ರಾಯ್ತು,” ಎಂದ.

ಪಿಳ್ಳಪ್ಪ ಎದ್ದು ನಿಂತು ಅರಚಿದ. “ಎಂಥ ಕಟ್ಟಡ ಅದು! ನಮ್ ತಾತಂದಿರು ಗಾರೆ ಅರೆದು ಕಟ್ಟಿದ್ದು. ಇಂಥ ಇಂಜಿನ್ ಈ ಸೀಮೇಲಿ ಇನ್ನೆಲ್ಲಾದ್ರೂ ಐತಾ? ಕೆಡವೋದು ಒಂದು ದಿನದ ಕೆಲ್ಸ ಕಣಪ್ಪಾ. ಮತ್ತೆ ಕಟ್ಟೋಕಾಗ್ತದಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಲವರು ತಲೆಯಾಡಿಸಿದರು ಕೂಡ. ಆಗ ಹಿಂದೆ ಕೂತಿದ್ದ ಲಕ್ಕಮ್ಮ ಬಾಯಿ ತೆಗೆದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಆದ್ದರಿಂದ ಸೂಲಗಿತ್ತಿ ಲಕ್ಕಮ್ಮ ಮಾತಾಡಿದರೆ ಗಂಡಸರು ಸುಮ್ಮನಾಗುತ್ತಿದ್ದರು.

“ಕೆಡವೋದ್ಯಾಕೆ?” ಎಂದಳು ಅವಳು. “ಒಳ್ಳೆ ದಪ್ಪ ಗೋಡೆ, ತಂಪಾಗೈತೆ, ನೀರೂ ಪಕ್ಕದಾಗೇ ಐತೆ. ಆ ಇಂಜಿನ್ನ ಈಚೆ ತೆಗೆದು, ಒಳಗೆ ನಾಕು ಮಂಚ ಆಕಿ. ಕಟ್ಟಡಾನೂ ಉಳೀತದೆ, ಬಸುರೀರೂ ಉಳೀತಾರೆ.”

ಚಿಕ್ಕಬೈರಪ್ಪ ತೊಡೆ ತಟ್ಟಿ, “ಇದು ಮಾತು ಅಂದ್ರೆ!” ಎಂದ. ಎಲ್ಲರೂ ಪಿಳ್ಳಪ್ಪನ ಕಡೆ ನೋಡಿದರು.

ಅಲ್ಲಿಗೆ ಅವನು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನಿಗೆ ಪಂಪ್ ಹೌಸ್ ಎಂದರೆ ಇಂಜಿನ್ನೇ. ಅದನ್ನು ಕಿತ್ತು ಬಿಸಿಲಿಗೆ ಹಾಕಿ, ಅದು ನಿಂತಿದ್ದ ಕಡೆ ಮಂಚ ಹಾಕುವುದನ್ನು ಅವನು ಊಹಿಸಿಕೊಳ್ಳಲಾರದೆ ಹೋದ. “ನೋಡೋಣ, ಇಂಜಿನಿಯರು ಬಂದು ಏನೇಳ್ತಾರೋ,” ಎಂದು ಅಲ್ಲಿಂದ ಎದ್ದ.

ಮಾರನೆಯ ದಿನವೇ ಜಮೀರನನ್ನು ಕರೆದುಕೊಂಡು ಬೆಂಗಳೂರಿಗೆ ಹೋದ. ಜಮೀರನಿಗೆ ಅಷ್ಟೇನೂ ಮನಸ್ಸಿರಲಿಲ್ಲ, ಆದರೆ ಪಿಳ್ಳಣ್ಣ ಕರೆದ ಮೇಲೆ ಬರುವುದಿಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಹಲವು ಆಫೀಸು ಅಲೆದ ಮೇಲೆ, ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯ ಇಂಜಿನಿಯರ್ ರಾಮಕೃಷ್ಣಪ್ಪನವರ ಭೇಟಿಯಾಯಿತು. ಅವರು ಹಳೆಯ ಕಟ್ಟಡಗಳೆಂದರೆ ಜೀವ ಬಿಡುವ ಮನುಷ್ಯ. ಒಂದು ವಾರದೊಳಗೆ ತಾವೇ ಜೀಪಿನಲ್ಲಿ ಬಂದರು. ಒಳಗೆ ಕಾಲಿಟ್ಟವರು ಮೊದಲು ಟೋಪಿ ತೆಗೆದರು. ಕಮಾನಿನ ಕಿಟಕಿಗಳನ್ನು, ಕನ್ನಡಿಯಂತೆ ಹೊಳೆಯುತ್ತಿದ್ದ ಹಿತ್ತಾಳೆಯನ್ನು ನೋಡಿ, “ಇದನ್ನು ಇಷ್ಟು ಚೆನ್ನಾಗಿ ಇಟ್ಟಿದ್ದೀರಲ್ಲ ಪಿಳ್ಳಪ್ಪನವರೇ!” ಎಂದರು. ಪಿಳ್ಳಪ್ಪನಿಗೆ ಕಣ್ಣು ತುಂಬಿ ಬಂತು. ಅವನ ಜೀವಮಾನದಲ್ಲಿ ಯಾವ ಅಧಿಕಾರಿಯೂ ಅವನ ಹೆಸರಿಗೆ ‘ಅವರು’ ಸೇರಿಸಿರಲಿಲ್ಲ.

ಚಿಕ್ಕಬೈರಪ್ಪ ಲಕ್ಕಮ್ಮನ ಸಲಹೆಯನ್ನು ಮುಂದಿಟ್ಟ. ರಾಮಕೃಷ್ಣಪ್ಪನವರು ಗಲ್ಲ ಕೆರೆದುಕೊಂಡರು. “ಕಟ್ಟಡ ಉಳಿಯೋದಾದರೆ ನನಗೇನೂ ಅಡ್ಡಿಯಿಲ್ಲ. ಇಂಜಿನ್ನನ್ನು ಹೊರಗೆ ಒಂದು ಚಪ್ಪರದಡಿ ಇಡಬಹುದು. ಆದರೆ ಕೀಳುವಾಗ ಗೋಡೆಗೆ ಏನಾದರೂ ಆಗುತ್ತಾ? ಹಳೆಯ ನಕ್ಷೆ ನಮ್ಮ ಹತ್ತಿರ ಇಲ್ಲ. ಪಿಳ್ಳಪ್ಪನವರೇ, ನಿಮಗೆ ಗೊತ್ತಿರಬೇಕು. ಇಂಜಿನ್ ಕೂತಿರೋ ಅಡಿಪಾಯ, ಗೋಡೆಯ ಅಡಿಪಾಯ, ಎರಡೂ ಒಂದೇನಾ, ಬೇರೆ ಬೇರೆನಾ?”

ಬೇರೆ ಬೇರೆ. ಇಂಜಿನ್ ನಡುಗಿದರೆ ಗೋಡೆ ನಡುಗಬಾರದೆಂದು ಕಟ್ಟಿದವರು ಎರಡರ ನಡುವೆ ಸಂದು ಬಿಟ್ಟು ಮರಳು ತುಂಬಿದ್ದರು. ಅದು ಪಿಳ್ಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

“ಒಂದೇ, ಸ್ವಾಮಿ,” ಎಂದ ಪಿಳ್ಳಪ್ಪ. “ಇಂಜಿನ್ ಅಲ್ಲಾಡಿಸಿದ್ರೆ ಗೋಡೆ ಬಿರೀತದೆ. ಸೂರು ನಿಲ್ಲಲ್ಲ.”

ರಾಮಕೃಷ್ಣಪ್ಪನವರು ಪಕ್ಕದಲ್ಲಿದ್ದ ಜಮೀರನನ್ನು ನೋಡಿದರು. ಜಮೀರ್ ನೆಲ ನೋಡುತ್ತಿದ್ದ. ಏನೂ ಹೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹುಕುಂ ಬಂತು. ಕಟ್ಟಡವನ್ನು ಕೆಡವಕೂಡದು, ಇಂಜಿನ್ನನ್ನು ಕದಲಿಸಕೂಡದು. ಬೇರೆ ಜಾಗ ಹುಡುಕುವಷ್ಟರಲ್ಲಿ ಆ ವರ್ಷದ ಆಸ್ಪತ್ರೆ ಬೇರೆ ಊರಿನ ಪಾಲಾಯಿತು. ಚಿಕ್ಕಬೈರಪ್ಪ ನಾಲ್ಕು ದಿನ ಗೊಣಗಿ ಸುಮ್ಮನಾದ. ಪಿಳ್ಳಪ್ಪ ಆ ವರ್ಷ ಆಯುಧಪೂಜೆಗೆ ಇಂಜಿನ್ನಿಗೆ ಬೂದುಗುಂಬಳ ಒಡೆದು ಊರಿಗೆಲ್ಲ ಚರುಪು ಹಂಚಿದ. ಒಂದು ಒಳ್ಳೆಯ ಕೆಲಸಕ್ಕೆ ಸಣ್ಣದೊಂದು ಸುಳ್ಳು ಹೇಳಿದೆ ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದನ್ನು ನಂಬಿಯೂ ಬಿಟ್ಟಿದ್ದ.

ಮರುವರ್ಷ ಮಳೆಗಾಲದ ಕೊನೆಗೆ ಅಮೀನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಯಶವಂತಪುರಕ್ಕೆ ಕೊಟ್ಟಿದ್ದರು. ಗಂಡ ಅಲ್ಲಿ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ಬಂದ ದಿನವೇ ಪಂಪ್ ಹೌಸಿಗೆ ಬಂದು ಬಾಗಿಲಲ್ಲಿ ನಿಂತು, “ಇನ್ನೂ ಇದ್ರ ಜೊತೇನೇ ಸಂಸಾರ ಮಾಡ್ತಿದ್ದೀರಾ ಮಾಮಾ?” ಎಂದು ನಕ್ಕಿದ್ದಳು.

ಹೆರಿಗೆ ಬೆಳಗಿನ ಹೊತ್ತು, ಸಲೀಸಾಗಿಯೇ ಆಯಿತು. ಹೆಣ್ಣು ಮಗು. ಲಕ್ಕಮ್ಮ ಮಗುವನ್ನು ತೊಳೆದು ಅಜ್ಜಿಯ ಕೈಗೆ ಕೊಟ್ಟು ತಿರುಗಿ ನೋಡಿದರೆ, ಅಮೀನಾಳ ಕೆಳಗೆ ಹಾಸಿದ್ದ ಬಟ್ಟೆಯೆಲ್ಲ ನೆಂದಿತ್ತು. ಬಟ್ಟೆ ಬದಲಿಸಿದಳು. ಅದೂ ನೆಂದಿತು. ಹೊಟ್ಟೆ ತಿಕ್ಕಿದಳು, ತನಗೆ ಗೊತ್ತಿದ್ದ ಮದ್ದು ಕುಡಿಸಿದಳು. ಕೊನೆಗೆ ಹೊರಗೆ ಓಡಿಬಂದು ಜಮೀರನಿಗೆ ಹೇಳಿದಳು: “ರಕ್ತ ನಿಲ್ತಾ ಇಲ್ಲ ಕಣಪ್ಪಾ. ಇದು ನನ್ ಕೈಲಿ ಆಗಲ್ಲ. ಸೂಜಿ ಆಕ್ಬೇಕು. ಬೇಗ ದಂಡಿನ ಆಸ್ಪತ್ರೆಗೆ ಕರ್ಕೊಂಡು ಓಗಿ.”

ಜಮೀರ್ ಓಡಿದ್ದು ಪಿಳ್ಳಪ್ಪನ ಮನೆಗೆ. ಹತ್ತಿರದಲ್ಲಿ ಒಳ್ಳೆಯ ಎತ್ತುಗಳಿದ್ದದ್ದು ಅವನ ಕೊಟ್ಟಿಗೆಯಲ್ಲೇ. ಪಿಳ್ಳಪ್ಪ ಗಾಡಿ ಹೂಡಿ, ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಕಿದ. ನಾಲ್ಕು ಜನ ಅಮೀನಾಳನ್ನು ಎತ್ತಿ ಮಲಗಿಸಿದರು. ಲಕ್ಕಮ್ಮ, ಜಮೀರ್ ಹಿಂದೆ ಕೂತರು. ಪಿಳ್ಳಪ್ಪ ಎತ್ತುಗಳ ಬಾಲ ತಿರುಚಿ ಗಾಡಿ ಬಿಟ್ಟ.

ಬಳ್ಳಾರಿ ರಸ್ತೆಗೆ ಸೇರುವ ದಾರಿ ಕೆರೆಯ ಪಕ್ಕದಲ್ಲೇ, ಪಂಪ್ ಹೌಸಿನ ಮುಂದೆಯೇ ಹಾದುಹೋಗುತ್ತಿತ್ತು. ಪಿಳ್ಳಪ್ಪ ಆ ಕಡೆ ತಿರುಗಿ ನೋಡಲಿಲ್ಲ. ನೋಡದಿದ್ದರೂ ಅದು ಅಲ್ಲಿರುವುದು ಅವನಿಗೆ ಗೊತ್ತಿತ್ತು. ಜಮೀರನ ಮನೆಯಿಂದ ಅಲ್ಲಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಈ ಹೊತ್ತಿಗೆ ಅಲ್ಲೊಬ್ಬ ನರ್ಸಮ್ಮ ಇರಬೇಕಿತ್ತು. ಸೂಜಿ ಇರಬೇಕಿತ್ತು.

ಮಳೆಗೆ ಕೊಚ್ಚಿಹೋದ ರಸ್ತೆಯಲ್ಲಿ ಗಾಡಿ ಜೋರಾಗಿ ಓಡಿಸಿದರೆ ಅಮೀನಾ ನರಳುತ್ತಿದ್ದಳು, ಮೆಲ್ಲಗೆ ಓಡಿಸಿದರೆ ಲಕ್ಕಮ್ಮ ಬೈಯುತ್ತಿದ್ದಳು. ಹೆಬ್ಬಾಳ ದಾಟುವವರೆಗೆ ಅಮೀನಾ ಮಾತಾಡುತ್ತಿದ್ದಳು. ಮಗು ಹಾಲು ಕುಡೀತಾ ಎಂದು ಕೇಳಿದಳು. ಚಳಿ ಎಂದಳು. ಪಿಳ್ಳಪ್ಪ ಹೆಗಲ ಮೇಲಿನ ಟವೆಲ್ಲನ್ನೂ ಮೈಮೇಲಿನ ಅಂಗಿಯನ್ನೂ ತೆಗೆದು ಹಿಂದಕ್ಕೆ ಕೊಟ್ಟ. ಆಮೇಲೆ ಅವಳು, “ಇನ್ನೂ ಎಷ್ಟು ದೂರ ಮಾಮಾ?” ಎಂದಳು.

“ಬಂತು ಕಣವ್ವಾ. ಇನ್ನೇನ್ ಬಂತು,” ಎಂದ ಪಿಳ್ಳಪ್ಪ. ಅದೂ ಸುಳ್ಳೇ.

ಗಂಗೇನಹಳ್ಳಿ ಇನ್ನೂ ಮುಂದಿರುವಾಗಲೇ ಹಿಂದಿನಿಂದ ಕೇಳುತ್ತಿದ್ದ ಮಾತು ನಿಂತಿತು. ಪಿಳ್ಳಪ್ಪ ಎತ್ತುಗಳನ್ನು ಹೊಡೆಯುತ್ತಲೇ ಇದ್ದ. ತುಸು ಹೊತ್ತಿನ ಮೇಲೆ ಜಮೀರ್ ಅವನ ಬೆನ್ನಿನ ಮೇಲೆ ಕೈಯಿಟ್ಟ.

“ಗಾಡಿ ತಿರುಗ್ಸಣ್ಣ,” ಎಂದ. “ಮನೇಗೆ ಓಗೋಣ.”

ಯಾರೂ ಪಿಳ್ಳಪ್ಪನನ್ನು ಏನೂ ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ಗಾಡಿ ಕಟ್ಟಿದ ಪುಣ್ಯಾತ್ಮ ಎಂದೇ ಊರಿನವರು ಹೇಳಿದರು. ಅಂದು ಮಧ್ಯಾಹ್ನವೇ ಮಣ್ಣು ಮಾಡುವಾಗ ಜಮೀರ್ ಅವನ ಕೈಯಿಂದಲೂ ಮೂರು ಹಿಡಿ ಮಣ್ಣು ಹಾಕಿಸಿದ. ಬೈಯಲಿ, ಹೊಡೆಯಲಿ ಎಂದು ಪಿಳ್ಳಪ್ಪ ಕಾಯುತ್ತಿದ್ದರೆ, ಎಲ್ಲರೂ ಅವನಿಗೇ ಸಮಾಧಾನ ಹೇಳಿದರು.

ಅಮೀನಾಳ ಗಂಡ ಹಸುಗೂಸನ್ನು ಸಾಕಲಾರೆನೆಂದು ಅಜ್ಜಿಯ ಹತ್ತಿರವೇ ಬಿಟ್ಟುಹೋದ. ಮಗುವಿಗೆ ಶಮೀಮ ಎಂದು ಹೆಸರಿಟ್ಟರು. ದೊಡ್ಡಮುನಿಯಮ್ಮ ದಿನಾ ಹಸುವಿನ ಹಾಲು ಕರೆದು ಅವರ ಮನೆಗೆ ಕೊಟ್ಟು ಬರುತ್ತಿದ್ದಳು. ಒಂದೊಂದು ಸಲ, “ನೀನೇ ಕೊಟ್ಬಾ, ಮಗೂನೂ ನೋಡ್ದಂಗಾಗ್ತದೆ,” ಎಂದರೆ ಪಿಳ್ಳಪ್ಪ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಪಂಪ್ ಹೌಸಿಗೂ ಹೋಗುತ್ತಿರಲಿಲ್ಲ. ಹಿತ್ತಾಳೆ ಮೊದಲು ಮಂಕಾಯಿತು, ಆಮೇಲೆ ಹಸಿರುಗಟ್ಟಿತು.

ಒಂದು ದಿನ ಊಟಕ್ಕೆ ಕೂತವನು ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದ. “ಏನಾಗೈತೆ ನಿಂಗೆ?” ಎಂದು ದೊಡ್ಡಮುನಿಯಮ್ಮ ಗದರಿಸಿದಾಗ ಎಲ್ಲವನ್ನೂ ಹೇಳಿದ. ಅಡಿಪಾಯ ಬೇರೆ ಬೇರೆ ಇರುವುದು, ತಾನು ಒಂದೇ ಎಂದದ್ದು, ಎಲ್ಲ.

ದೊಡ್ಡಮುನಿಯಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆಮೇಲೆ, “ನಂಗೇಳಿ ಏನ್ ಬಂತು?” ಎಂದಳು. “ನಾನೇನು ಮಗಳನ್ನ ಕಳ್ಕೊಂಡೋಳಾ? ಯಾರಿಗೇಳ್ಬೇಕೋ ಅವರಿಗೇಳು ಓಗು.” ಅವನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮದುವೆಯಾದ ಮೇಲೆ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಜಮೀರ್ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತು ಮೊಮ್ಮಗಳನ್ನು ತೂಗುತ್ತಿದ್ದ. ಪಿಳ್ಳಪ್ಪ ಬಂದು ಎದುರಿಗೆ ನೆಲದ ಮೇಲೆ ಕೂತ.

“ಮೇಲೆ ಕೂತ್ಕೊಳಣ್ಣ,” ಎಂದ ಜಮೀರ್.

“ಇಲ್ಲೇ ಇರ್ತೀನಿ. ಜಮೀರೂ, ಅವತ್ತು ಇಂಜಿನಿಯರ್ ಕೇಳಿದ್ರಲ್ಲ, ಅಡಿಪಾಯ...”

“ಬೇರೆ ಬೇರೆ,” ಎಂದ ಜಮೀರ್.

ಪಿಳ್ಳಪ್ಪ ತಲೆಯೆತ್ತಿದ.

“ನಂಗೂ ಗೊತ್ತಿತ್ತು ಪಿಳ್ಳಣ್ಣ. ಬೂದಿ ತೆಗೆಯೋಕೆ ದಿನಾ ಅದರ ಬುಡಕ್ಕೇ ಇಳೀತಿದ್ದೋನು ನಾನು. ಆ ಮರಳಿನ ಸಂದು ನಾನು ನೋಡಿಲ್ವಾ? ಅವ್ರು ನನ್ ಕಡೆ ನೋಡಿದ್ರು. ಬಾಯಿ ಬಿಟ್ಟಿದ್ರೆ ಆಗಿತ್ತು. ಬಿಡ್ಲಿಲ್ಲ. ನಿನ್ ಮಾತು ಸುಳ್ಳಾಗ್ತದಲ್ಲ ಅಂತ ಸುಮ್ಕಾದೆ.” ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ನೀನು ಮಾಡಿದ್ದು ಕಬ್ಬಿಣದ ಮೇಲಿನ ಆಸೇಗೆ. ನಾನು ಯಾವ ಆಸೇಗೆ ಮಾಡ್ದೆ ಏಳು? ದಿನಾ ನಮಾಜಿಗೆ ನಿಂತ್ರೂ ಅದೇ ಬರ್ತದೆ ಕಣ್ಮುಂದೆ.”

ಪಿಳ್ಳಪ್ಪ ಕ್ಷಮೆ ಕೇಳಲೆಂದು ಬಂದಿದ್ದ. ಗೆಳೆಯನ ಮೇಲೆ ತಾನು ಹೊರಿಸಿದ ಹೊರೆ ಎಷ್ಟೆಂದು ಅವನಿಗೆ ಆಗಲೇ ತಿಳಿದದ್ದು. ಇಬ್ಬರೂ ಮಗು ಏಳುವವರೆಗೆ ಹಾಗೇ ಕೂತಿದ್ದರು.

ಆ ವಾರವೇ ಇಬ್ಬರೂ ಮತ್ತೆ ಬೆಂಗಳೂರಿನ ಬಸ್ಸು ಹತ್ತಿದರು. ಪಿಳ್ಳಪ್ಪ ರಾಮಕೃಷ್ಣಪ್ಪನವರ ಮೇಜಿನ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ. ಇಂಜಿನಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಮಾತಿನ ಮೇಲೆ ರುಜು ಹಾಕಿದೆನಲ್ಲ ನಾನು,” ಎಂದರು. ಮತ್ತೆ, “ಅಗೆಸಿ ನೋಡಬಹುದಿತ್ತು. ಒಂದು ಆಳು, ಅರ್ಧ ದಿನದ ಕೆಲಸ. ನನಗೂ ಆ ಇಂಜಿನ್ ಅಲ್ಲೇ ಇರಲಿ ಅನ್ನಿಸಿತ್ತು. ಅದಕ್ಕೇ ಅಗೆಸಲಿಲ್ಲವೋ ಏನೋ,” ಎಂದರು. ಬೈಯುತ್ತಾರೆಂದು ಕಾದಿದ್ದ ಪಿಳ್ಳಪ್ಪನಿಗೆ ಅಲ್ಲೂ ಬೈಗುಳ ಸಿಗಲಿಲ್ಲ.

ಹುಕುಂ ಬದಲಾಯಿತು. ಮುಂದಿನ ಬೇಸಿಗೆಯಲ್ಲಿ ಇಂಜಿನ್ ಕಳಚುವ ಕೆಲಸಕ್ಕೆ ಆಳುಗಳು ಬಂದರು. ಯಾವುದನ್ನು ಮೊದಲು ಬಿಚ್ಚಬೇಕೆಂದು ಪಿಳ್ಳಪ್ಪನೇ ನಿಂತು ಹೇಳಿದ. ಜಾಮ್ ಆಗಿದ್ದ ಬೋಲ್ಟುಗಳನ್ನು ಜಮೀರ್ ಬೆಂಕಿಯಲ್ಲಿ ಕಾಯಿಸಿ ಸಡಿಲಿಸಿಕೊಟ್ಟ. ದೊಡ್ಡ ಚಕ್ರವನ್ನು ಸರಪಳಿ ಕಟ್ಟಿ ಎಳೆಯುವ ದಿನ ಊರೆಲ್ಲ ಸೇರಿತ್ತು. ಚಿಕ್ಕಬೈರಪ್ಪ, “ದೂರ ನಿಂತ್ಕೊಳ್ರಪ್ಪೋ, ಗೋಡೆ ಬಿರೀತದಂತೆ,” ಎಂದು ಮಕ್ಕಳನ್ನು ಹಿಂದಕ್ಕೆ ಅಟ್ಟುತ್ತಿದ್ದ. ನಿಜ ಅವನಿಗಿನ್ನೂ ಗೊತ್ತಿರಲಿಲ್ಲ.

ಚಕ್ರ ಎದ್ದಿತು. ಇಂಜಿನ್ ಕೂತಿದ್ದ ಪೀಠ ಬುಡಸಮೇತ ಕಿತ್ತುಬಂತು. ಗೋಡೆ ಬಿರಿಯಲಿಲ್ಲ. ಒಂದು ಚೂರು ಗಾರೆ ಕೂಡ ಉದುರಲಿಲ್ಲ. ಜನ ಹೋ ಎಂದು ಕೂಗಿದರು. ಲಕ್ಕಮ್ಮ ಮಾತ್ರ ಕೂಗಲಿಲ್ಲ. ಹಳ್ಳದ ಅಂಚಿಗೆ ಬಂದು, ಎರಡು ಅಡಿಪಾಯಗಳ ನಡುವೆ ತುಂಬಿದ್ದ ಮರಳನ್ನು ಬಗ್ಗಿ ನೋಡಿದಳು. ಆಮೇಲೆ ಪಿಳ್ಳಪ್ಪನ ಮುಖ ನೋಡಿದಳು. ಅವನು ಮುಖ ತಿರುಗಿಸಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ನಡೆದಳು. ಸಾಯುವವರೆಗೂ ಅವಳು ಆ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಪಿಳ್ಳಪ್ಪನ ಹತ್ತಿರ ಮಾತನ್ನೂ ಆಡಲಿಲ್ಲ.

ಹೆರಿಗೆ ಆಸ್ಪತ್ರೆ ಶುರುವಾಯಿತು. ಒಳಗೋಡೆಗಳಿಗೆ ಸುಣ್ಣ ಬಳಿದು, ನೆಲಕ್ಕೆ ಕಡಪಾ ಕಲ್ಲು ಹಾಸಿ, ಸಾಲಾಗಿ ಮಂಚಗಳನ್ನು ಹಾಕಿದರು. ಗಂಗರತ್ನಮ್ಮ ಎಂಬ ನರ್ಸಮ್ಮ ಬಂದರು. ಸುತ್ತಲಿನ ಹಳ್ಳಿಗಳಿಂದ, ಆ ಕಡೆ ರಾಜಾನುಕುಂಟೆಯಿಂದಲೂ ಬಸುರಿಯರು ಬರತೊಡಗಿದರು. ಇಂಜಿನ್ನು ಹೊರಗೆ ತಗಡಿನ ಚಪ್ಪರದಡಿ ನಿಂತಿತು. ಪಿಳ್ಳಪ್ಪ ಅದನ್ನು ಒರೆಸಲಿಲ್ಲ. ಆಸ್ಪತ್ರೆಗೆ ನೀರು ತುಂಬುವುದು, ಸೌದೆ ಒಡೆಯುವುದು, ಅವಸರಕ್ಕೆ ಗಾಡಿ ಕಟ್ಟುವುದು, ಇಷ್ಟನ್ನು ಯಾರೂ ಹೇಳದೆ ಮಾಡುತ್ತಿದ್ದ. ಹೆರಿಗೆಯ ಕೋಣೆಯಿಂದ ಹೆಂಗಸಿನ ಕೂಗು ಕೇಳಿದರೆ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಮಗುವಿನ ಅಳು ಕೇಳಿದರೂ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ನರ್ಸಮ್ಮ ಹೊರಗೆ ಬಂದು ತಾಯಿಯೂ ಚೆನ್ನಾಗಿದ್ದಾಳೆ ಎಂದ ಮೇಲೆಯೇ ಕೊಡಲಿ ಎತ್ತುತ್ತಿದ್ದ.

ಅರವತ್ನಾಲ್ಕರಲ್ಲಿ ರಾಮಕೃಷ್ಣಪ್ಪನವರು ಮೇಲಿನ ಅಧಿಕಾರಿಗಳನ್ನು ಕರೆದುಕೊಂಡು ಬಂದರು. ಹಳೆಯ ಕಟ್ಟಡವನ್ನು ಕೆಡವದೆ ಜನರ ಉಪಯೋಗಕ್ಕೆ ತಂದದ್ದನ್ನು ಬೇರೆ ಊರಿನವರೂ ನೋಡಿ ಕಲಿಯಲಿ ಎಂಬುದು ಅವರ ಆಸೆ. ಅಂಗಳದಲ್ಲಿ ಸಣ್ಣ ಸಮಾರಂಭ. ಚಿಕ್ಕಬೈರಪ್ಪ ಭಾಷಣ ಮಾಡಿ, “ಅವತ್ತು ಈವಯ್ಯ ಅಡ್ಡ ನಿಲ್ದೇ ಇದ್ದಿದ್ರೆ ನಾವು ಕೆಡವೇ ಬಿಡ್ತಿದ್ವಿ,” ಎಂದು ಪಿಳ್ಳಪ್ಪನನ್ನು ಮುಂದಕ್ಕೆ ಕರೆದ. ಅಧಿಕಾರಿಯೊಬ್ಬರು ಕೊರಳಿಗೆ ಹಾರ ಹಾಕಿದರು. ಎರಡು ಮಾತಾಡು ಎಂದರು.

ಪಿಳ್ಳಪ್ಪ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇದನ್ನ ಉಳಿಸಿದ್ದು ನಾನಲ್ಲ,” ಎಂದ. “ಇಂಜಿನ್ ತೆಗೆದು ಮಂಚ ಆಕಿ ಅಂದೋಳು ಲಕ್ಕಮ್ಮ. ಆಗ್ಲೇ ಆಗ್ಬೇಕಿತ್ತು ಇದು. ಆಗದಂಗೆ ಮಾಡ್ದೋನು ನಾನು. ಗೋಡೆ ಬಿರೀತದೆ ಅಂತ ಸುಳ್ಳೇಳ್ದೆ. ಅದ್ರಿಂದ ಒಂದು ಜೀವ ಓಯ್ತು. ನಂಗೆ ಈ ಆರ ಬೇಡ.”

ಆಮೇಲೆ ಹಾರ ಹಾಕಿದ ಅಧಿಕಾರಿ ನಕ್ಕು, “ದೊಡ್ಡವರ ಲಕ್ಷಣವೇ ಇದು, ಹೊಗಳಿಕೆ ಬೇಡ ಅಂತಾರೆ,” ಎಂದು ಚಪ್ಪಾಳೆ ತಟ್ಟಿದರು. ಬೇರೆ ಕಡೆಯಿಂದ ಬಂದವರೂ ತಟ್ಟಿದರು. ಊರಿನವರು ತಟ್ಟಲಿಲ್ಲ. ಚಿಕ್ಕಬೈರಪ್ಪ ಬಾಯಿ ತೆರೆದವನು ತೆರೆದ ಹಾಗೇ ನಿಂತಿದ್ದ. ರಾಮಕೃಷ್ಣಪ್ಪನವರು ತಲೆ ತಗ್ಗಿಸಿದ್ದರು.

ಪಿಳ್ಳಪ್ಪ ಹಾರವನ್ನು ಮೇಜಿನ ಮೇಲಿಟ್ಟು ಹೊರಟ. ಕೆರೆ ಏರಿಯ ಮೇಲೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಜಮೀರ್. ಅವನ ಬೆರಳು ಹಿಡಿದುಕೊಂಡು ಶಮೀಮ.

“ಏಳ್ಬಿಟ್ಟೆ,” ಎಂದ ಜಮೀರ್.

“ಏಳ್ದೆ. ಅವರು ಚಪ್ಪಾಳೆ ಒಡೆದ್ರು.”

“ನಮ್ಮೋರಿಗೆ ಅರ್ಥ ಆಗೈತೆ.”

“ನಿನ್ ಮಾತು ನಾನು ಎತ್ಲಿಲ್ಲ.”

“ಗೊತ್ತು. ಅದನ್ನ ನಾನೇ ಏಳ್ಬೇಕು,” ಎಂದ ಜಮೀರ್. ಕೋಡಿಯ ನೀರು ದಾರಿಗೆ ಅಡ್ಡ ಹರಿಯುತ್ತಿದ್ದ ಕಡೆ ಜಮೀರ್ ಪಂಚೆ ಎತ್ತಿಕೊಂಡು ಮೊದಲು ದಾಟಿದ. ಈಚೆ ಉಳಿದ ಶಮೀಮ ನೀರನ್ನು ನೋಡಿದಳು, ಪಿಳ್ಳಪ್ಪನನ್ನು ನೋಡಿದಳು, ಎರಡೂ ಕೈ ಮೇಲೆತ್ತಿದಳು.

“ಎತ್ಕೋ ತಾತಾ, ನನ್ ಲಂಗ ನೆನೀತದೆ.”

ಅವನು ಅವಳನ್ನು ಒಂದು ದಿನವೂ ಮುಟ್ಟಿರಲಿಲ್ಲ. ಆಚೆ ದಡದಲ್ಲಿ ಜಮೀರ್ ತಿರುಗಿ ನಿಂತು ಕಾಯುತ್ತಿದ್ದ. ಪಿಳ್ಳಪ್ಪ ಬಗ್ಗಿ ಹುಡುಗಿಯನ್ನು ಎತ್ತಿಕೊಂಡು ನೀರಿಗೆ ಕಾಲಿಟ್ಟ. ಪಾಚಿಗೆ ಕಾಲು ಜಾರುವಂತಿತ್ತು. ಅವಳು ಅವನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.